ಪ್ರತಿಕ್ರಿಯೆ: ಅಪ್ಪ-ಅಮ್ಮನ ಜೊತೆ ಟೆಕ್ಸ್-ಮೆಕ್ಸ್ ಊಟ

ಊರಿಂದ ಬರುವ ಅಪ್ಪ-ಅಮ್ಮ ಮೊಟ್ಟೆಯನ್ನೂ ಮುಟ್ಟದವರು, ಅವರನ್ನು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ನಿಮ್ಮ ಬೀದಿಯ ಟೆಕ್ಸ್-ಮೆಕ್ಸ್ (ಟೆಕ್ಸಸ್ ಶೈಲಿಯ ಮೆಕ್ಸಿಕನ್ ಅಡುಗೆ) ಹೋಟೆಲಿಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಆರ್ಡರ್ ಮಾಡುವ ಮೊದಲು ಕೇಳಿ ತಿಳಿದುಕೊಳ್ಳಿ.

ಅಲ್ಲಿನ ಕೆಂಪು ಅನ್ನ ನಮ್ಮ ಟೊಮೆಟೊ ಬಾತ್ ಥರಾನೇ ಕಾಣುತ್ತದೆ. ಬಹಳ ಕಡೆ ಅದನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ನಮ್ಮ ಅತ್ತೆ ಅರ್ಧ ತಟ್ಟೆ ತಿಂದ ಮೇಲೆ ನನಗೆ ಇದು ಗೊತ್ತಾಯಿತು. ಆ ಬೇಜಾರು ಇನ್ನೂ ಹೋಗಿಲ್ಲ. ರೀಫ್ರೈಡ್ ಬೀನ್ಸ್‌ಗೆ (ಬೇಯಿಸಿ ಅರೆದು ಹುರಿದ ಕಾಳು), ಮೈದಾ ಟೋರ್ಟಿಯಾಗೆ (ತೆಳು ರೊಟ್ಟಿ) ಹಂದಿ ಕೊಬ್ಬು ಹಾಕುವುದು ಹಳೆಯ ರೂಢಿ, 'ಲಾರ್ಡ್ ಇದೆಯಾ' ಅಂತಲೇ ಕೇಳಿ. ಚೀಸ್ ಎಂಚಿಲಾಡ (ಚೀಸ್ ತುಂಬಿ ಸುರುಳಿ ಸುತ್ತಿದ ಟೋರ್ಟಿಯಾ) ಅಂದರೆ ಬರೀ ಚೀಸ್ ಅಂದುಕೊಳ್ಳಬೇಡಿ. ಮೇಲೆ ಸುರಿಯುವ ಚಿಲಿ ಗ್ರೇವಿಯಲ್ಲಿ ದನದ ಮಾಂಸ ಇರಬಹುದು. ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಬಳಸಿರುವುದೂ ಉಂಟು, ಅಷ್ಟು ಕಟ್ಟುನಿಟ್ಟಾದರೆ ಚೀಸ್ ಬೇಡ ಅನ್ನಿ.

ನನ್ನ ಸಲಹೆ ತರಕಾರಿ ಫಹೀಟಾ, ಅಂದರೆ ಟೋರ್ಟಿಯಾದಲ್ಲಿ ಸುತ್ತಿ ತಿನ್ನುವ ಹುರಿದ ತರಕಾರಿ. ಕಾವಲಿ ಚುರ್‌ ಅನ್ನುತ್ತಾ ಮೇಜಿಗೆ ಬರುತ್ತದೆ, ಈರುಳ್ಳಿಯ ಅಂಚು ಕಪ್ಪಾಗಿರುತ್ತದೆ, ದಪ್ಪಮೆಣಸಿನಕಾಯಿ ಇನ್ನೂ ಗರಿಗರಿ. ಮಾಂಸ ಹುರಿಯದ ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಅಂತ ಕೇಳಬಹುದು. ಜೊತೆಗೆ ಮೆಕ್ಕೆಜೋಳದ ಟೋರ್ಟಿಯಾ ತರಿಸಿ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ರುಬ್ಬಿ ಮಾಡುವ ಅದರ ಘಮ ರೊಟ್ಟಿ ತಿಂದವರಿಗೆ ತಕ್ಷಣ ಹಿಡಿಸುತ್ತದೆ. ಬೆಣ್ಣೆಹಣ್ಣಿನ ಚಟ್ನಿಯಂಥ ಗ್ವಾಕಮೋಲೆಗೆ ಹಸಿಮೆಣಸಿನಕಾಯಿ ಜಾಸ್ತಿ ಹಾಕಿಸಿ.

ಕುಳಿತ ಕೂಡಲೇ ಚಿಪ್ಸ್, ಸಾಲ್ಸಾ (ಟೊಮೆಟೊ ಚಟ್ನಿಯ ಥರ) ಬರುತ್ತದೆ, ಟೆಕ್ಸಸ್‌ನಲ್ಲಿ ಹೆಚ್ಚಾಗಿ ಪುಕ್ಕಟೆ. ಅದರಲ್ಲೇ ಹೊಟ್ಟೆ ತುಂಬಿಸಿಕೊಳ್ಳದ ಹಾಗೆ ಅಪ್ಪನಿಗೆ ಮೊದಲೇ ಹೇಳಿಬಿಡಿ.