ಡಿಸ್ಕ್‌ನಲ್ಲಿ ಜಾಗ ಇದ್ದರೂ ಶೆಲ್ ಸ್ಕ್ರಿಪ್ಟ್ ‘ನೋ ಸ್ಪೇಸ್ ಲೆಫ್ಟ್’ ಅಂತ ನಿಲ್ಲೋದು ಯಾಕೆ?

ನೀವು ಬರೆದಿರೋದು ಇಷ್ಟು: ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಉಬುಂಟು 20.04 ಇರೋ ಕಂಪ್ಯೂಟರ್. ಕಾಫಿ ಮೂಟೆಗಳ ತೂಕದ ಪಟ್ಟಿಯನ್ನ ರಾತ್ರಿ ಕ್ರಾನ್‌ನಲ್ಲಿ (ಗೊತ್ತು ಮಾಡಿದ ಹೊತ್ತಿಗೆ ಕೆಲಸ ತಾನೇ ಓಡಿಸೋ ವ್ಯವಸ್ಥೆ) ಓಡೋ ಬ್ಯಾಶ್ ಸ್ಕ್ರಿಪ್ಟ್ ಮೇಲ್ ಮಾಡುತ್ತೆ. ಈಗೀಗ ‘ಕೆನಾಟ್ ಕ್ರಿಯೇಟ್ ಟೆಂಪ್ ಫೈಲ್ ಫಾರ್ ಹಿಯರ್-ಡಾಕ್ಯುಮೆಂಟ್: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅಂತ ನಿಂತುಬಿಡುತ್ತೆ (ಹಿಯರ್-ಡಾಕ್ಯುಮೆಂಟ್ ಅಂದರೆ ಸ್ಕ್ರಿಪ್ಟ್ ಒಳಗೇ ಬರೆದು ಕಮಾಂಡ್‌ಗೆ ಕೊಡೋ ಪಠ್ಯ). ತಾತ್ಕಾಲಿಕ ಫೈಲ್ ಇಡೋ 1 ಜಿಬಿಯ ಟಿಎಂಪಿ ಪಾರ್ಟಿಷನ್ ಮುಕ್ಕಾಲು ಪಾಲು ಖಾಲಿ. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ದಿನ ಸರಿ.

ಖಾಲಿ ಜಾಗ ತೋರಿಸೋ ಡಿಎಫ್ -ಎಚ್ ಬಿಟ್ಟು, ಐನೋಡ್ ಲೆಕ್ಕ ತೋರಿಸೋ ಡಿಎಫ್ -ಐ ಹೊಡೆದು ನೋಡಿ. ಟಿಎಂಪಿ ಎದುರು 100% ಇರುತ್ತೆ ಅಂತ ನನ್ನ ಅಂದಾಜು. ಮುಗಿದಿರೋದು ಐನೋಡ್, ಅಂದರೆ ಒಂದೊಂದು ಫೈಲ್‌ನ ವಿವರ ಬರೆದಿಡೋ ದಾಖಲೆ. ಗೋದಾಮಿನಲ್ಲಿ ಜಾಗ ಇದೆ, ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆಯೋಕೆ ಸಾಲಿಲ್ಲ, ಹಾಗೆ. ಇಎಕ್ಸ್‌ಟಿ4 ಫೈಲ್ ಸಿಸ್ಟಂ ಫಾರ್ಮ್ಯಾಟ್ ಮಾಡುವಾಗ ಸಾಮಾನ್ಯವಾಗಿ 16 ಕೆಬಿಗೆ ಒಂದು ಐನೋಡ್ ಲೆಕ್ಕದಲ್ಲಿ ಎತ್ತಿಡುತ್ತೆ, ಅಂದರೆ 1 ಜಿಬಿಗೆ 65,536. ಫೈಲ್ ಎಷ್ಟೇ ಪುಟ್ಟದಿರಲಿ, ಒಂದು ಐನೋಡ್ ಹೋಯ್ತು. ಅಷ್ಟೂ ಫೈಲ್ ತಲಾ 4 ಕೆಬಿ ಹಿಡಿದರೂ ಆಗೋದು 256 ಎಂಬಿ, ನಿಮಗೆ ಕಾಣ್ತಿರೋ ಕಾಲು ಪಾಲು ಅದೇ. ಬ್ಲಾಕ್ (ಡೇಟಾ ಇಡೋ ಜಾಗ) ಮುಗಿದರೂ ಐನೋಡ್ ಮುಗಿದರೂ ಕರ್ನಲ್ ಕೊಡೋ ಎರರ್ ಒಂದೇ, ಅದಕ್ಕೇ ಈ ಗೊಂದಲ.

ಹಾಗಾದರೆ ಅಷ್ಟು ಫೈಲ್ ಬಂದಿದ್ದು ಎಲ್ಲಿಂದ? ನಿಮ್ಮ ಸ್ಕ್ರಿಪ್ಟ್‌ನ ಲೂಪ್ ನೋಡಿ: ಮೂಟೆಗೊಂದು ಎಂಕೆಟೆಂಪ್, ಅಂದರೆ ಒಂದೊಂದು ಹೊಸ ಟೆಂಪ್ ಫೈಲ್. ಅಳಿಸೋ ಆರ್‌ಎಂ ಇರೋದು ಕಟ್ಟಕಡೆಯ ಸಾಲಲ್ಲಿ, ಮೇಲ್ ಹೋದ ಮೇಲೆ. ತಲೆಯಲ್ಲಿ ಸೆಟ್ -ಇ ಬೇರೆ ಹಾಕಿದ್ದೀರಿ. ರಾತ್ರಿ ನೆಟ್ ಇಲ್ಲದೆ ಮೇಲ್ ಕಮಾಂಡ್ ಫೇಲ್ ಆಯ್ತೋ, ಸ್ಕ್ರಿಪ್ಟ್ ಅಲ್ಲೇ ಎದ್ದು ಹೋಗುತ್ತೆ, ಆರ್‌ಎಂ ತನಕ ಬರೋದೇ ಇಲ್ಲ. ಕೊಯ್ಲಿನ ಸೀಸನ್‌ನಲ್ಲಿ ಎಷ್ಟು ಮೂಟೆ ಇಳಿಯುತ್ತೆ ಅಂತ ನಿಮಗೇ ಗೊತ್ತು. ಉಬುಂಟು ಬೂಟ್ ಆಗುವಾಗ ಟಿಎಂಪಿ ಗುಡಿಸುತ್ತೆ, ರೀಸ್ಟಾರ್ಟ್ ‘ಔಷಧಿ’ಯ ಗುಟ್ಟು ಅಷ್ಟೇ.

ಮೊದಲು ಹಳೇ ಫೈಲ್ ತೆಗೆಯಿರಿ. ಆರ್‌ಎಂ ಜೊತೆ ನಕ್ಷತ್ರ ಹಾಕಿದರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಅನ್ನಬಹುದು. ಫೈಂಡ್‌ಗೆ ನಿಮ್ಮ ಫೈಲ್‌ಗಳ ಹೆಸರಿನ ಮೊದಲ ಭಾಗ ಕೊಟ್ಟು, ಒಮ್ಮೆ ಪ್ರಿಂಟ್ ಮಾಡಿ ನೋಡಿ, ಆಮೇಲೆ -ಡಿಲೀಟ್ ಹಾಕಿ. ಬೇರೆ ಪ್ರೋಗ್ರಾಂಗಳ ಫೈಲೂ ಅಲ್ಲೇ ಇರುತ್ತೆ, ಹುಷಾರು.

ಆಮೇಲೆ ಸ್ಕ್ರಿಪ್ಟ್. ಶುರುವಿನಲ್ಲೇ ಎಂಕೆಟೆಂಪ್ -ಡಿ ಇಂದ ಒಂದು ಡೈರೆಕ್ಟರಿ ಮಾಡಿ, ಮುಂದಿನ ಸಾಲಲ್ಲೇ ಅದನ್ನ ಅಳಿಸೋಕೆ ಎಕ್ಸಿಟ್ ಮೇಲೆ ಟ್ರ್ಯಾಪ್ (ಸ್ಕ್ರಿಪ್ಟ್ ಮುಗಿಯುವಾಗ ತಾನೇ ಓಡೋ ಕಮಾಂಡ್) ಹಾಕಿ. ಸೆಟ್ -ಇ ಇಂದ ಅರ್ಧಕ್ಕೆ ನಿಂತರೂ ಟ್ರ್ಯಾಪ್ ಓಡುತ್ತೆ. ಕಿಲ್ -9ಕ್ಕೆ, ಕರೆಂಟ್ ಹೋದದ್ದಕ್ಕೆ ಮಾತ್ರ ಓಡಲ್ಲ. ನಿಜ ಹೇಳಬೇಕಂದರೆ ಮೂಟೆಗೊಂದು ಫೈಲ್ ಬೇಕಾಗೇ ಇಲ್ಲ, ಒಂದನ್ನೇ ಮತ್ತೆ ಮತ್ತೆ ಬರೆದರೆ ಸಾಕು. ಟೆಂಪ್ ಫೈಲ್ ಎಲ್ಲಿಡಬೇಕು ಅಂತ ಹೇಳೋ ಟಿಎಂಪಿಡಿರ್ ಬೇರೆ ಕಡೆ ತಿರುಗಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕಸ ಅಲ್ಲೂ ತುಂಬುತ್ತೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದೇ ಸ್ಕ್ರಿಪ್ಟ್‌ಗೆ ಏನೂ ಆಗಲ್ಲ ಅಂದಿದ್ದೀರಿ. ಅಲ್ಲಿ ಟಿಎಂಪಿ ತುಂಬಿರಲ್ಲ, ಅದು ಸರಿ. ಜೊತೆಗೆ ಬ್ಯಾಶ್ 5.1ರಿಂದ ಈಚೆಗೆ ಚಿಕ್ಕ ಹಿಯರ್-ಡಾಕ್ಯುಮೆಂಟ್ ಫೈಲ್ ಇಲ್ಲದೆ ಪೈಪ್‌ನಲ್ಲೇ ಹೋಗುತ್ತೆ. 20.04ರಲ್ಲಿರೋ 5.0 ಎಲ್ಲಕ್ಕೂ ಟೆಂಪ್ ಫೈಲ್ ಮಾಡುತ್ತೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಎರರ್‌ನಲ್ಲಿ ಕೋಲನ್ ಆಚೆಗಿನ ಮಾತು ‘ರೀಡ್-ಓನ್ಲಿ ಫೈಲ್ ಸಿಸ್ಟಂ’ ಅಂತ ಬದಲಾದರೆ ಇದು ಯಾವುದೂ ಅನ್ವಯಿಸಲ್ಲ. ಆಗ ಕರ್ನಲ್‌ನ ಸಂದೇಶ ತೋರಿಸೋ ಡಿಮೆಸೇಜ್ ನೋಡಿ, ಫೈಲ್ ಸಿಸ್ಟಂ ಪರೀಕ್ಷಿಸಿ ಸರಿಪಡಿಸೋ ಎಫ್‌ಎಸ್‌ಸಿಕೆ ಓಡಿಸಿ.