ನಲ್ಲಿ ನೀರಿನಿಂದ ಶುರು ಮಾಡಿ

ನಮಸ್ಕಾರ.

'ಹೃದಯದ ಗೆಳೆಯ ಕ್ಯಾಲ್ಸಿಯಂ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಕನ್ನಡದಲ್ಲಿ ಈ ವಿಷಯ ಬರೆಯುವವರು ಕಡಿಮೆ. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಒಂದೂವರೆ ಪುಟದಲ್ಲಿ ಹಾಲು, ರಾಗಿ, ಮೂಳೆ, ಹಲ್ಲು ಇವೆ. ಎಲ್ಲರಿಗೂ ಗೊತ್ತಿರುವುದು, ತೆಗೆದುಬಿಡಿ. ನಿಜವಾದ ಕಥೆ ನಾಲ್ಕನೇ ಪುಟದಲ್ಲಿ ಒಂದೇ ಸಾಲಾಗಿ ಕೂತಿದೆ: 'ಸಿಡ್ನಿ ರಿಂಗರ್ ಕ್ಯಾಲ್ಸಿಯಂನ ಮಹತ್ವ ಕಂಡುಹಿಡಿದರು.' ಹೇಗೆ ಕಂಡುಹಿಡಿದರು ಅಂತ ಹೇಳಲೇ ಇಲ್ಲವಲ್ಲ! ಲಂಡನ್ನಿನ ಈ ವೈದ್ಯರು ಕಪ್ಪೆಯ ಹೃದಯಕ್ಕೆ ಉಪ್ಪಿನ ದ್ರಾವಣ ಹರಿಸಿ, ಅದು ಬಡಿಯುತ್ತಿರುವಂತೆ ಮಾಡಿದ್ದರು. 1882ರಲ್ಲಿ ಪ್ರಬಂಧವೂ ಅಚ್ಚಾಯಿತು. ಆಮೇಲೆ ಗೊತ್ತಾಯಿತು, ದ್ರಾವಣಕ್ಕೆ ಬಳಸಿದ್ದು ಭಟ್ಟಿ ಇಳಿಸಿದ ನೀರಲ್ಲ, ಊರಿನ ನಲ್ಲಿ ನೀರು. ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿ ನೋಡಿದರೆ ಹೃದಯ ಸ್ವಲ್ಪ ಹೊತ್ತಿಗೇ ನಿಂತಿತು. ಚೂರು ಸುಣ್ಣದ ಲವಣ, ಅಂದರೆ ಕ್ಯಾಲ್ಸಿಯಂ, ಬೆರೆಸಿದರೆ ಮತ್ತೆ ಬಡಿಯಿತು. 1883ರಲ್ಲಿ ಅವರು ಈ ತಪ್ಪನ್ನು ತಾವೇ ಬರೆದು ಅಚ್ಚು ಹಾಕಿಸಿದರು. ಎಂಥ ದೊಡ್ಡತನ ಅಲ್ವಾ? ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಂಡವರಿಗೆ ಇದು ತಟ್ಟನೆ ನಾಟುತ್ತದೆ. ಆಸ್ಪತ್ರೆಯ ಡ್ರಿಪ್ ಬಾಟಲಿ ಮೇಲೆ 'ಆರ್‌ಎಲ್' (ರಿಂಗರ್ ಲ್ಯಾಕ್ಟೇಟ್) ಅಂತ ಇರುತ್ತಲ್ಲ, ಅದರ ಆರ್ ಇದೇ ರಿಂಗರ್. ಇಲ್ಲಿಂದ ಶುರು ಮಾಡಿ.

ಇನ್ನು ದೊಡ್ಡ ತಪ್ಪಿಗೆ ಬರುತ್ತೇನೆ. 'ಹೃದಯದಲ್ಲೂ ರಕ್ತನಾಳದಲ್ಲೂ ಕ್ಯಾಲ್ಸಿಯಂ ಒಂದೇ ರೀತಿ ಕೆಲಸ ಮಾಡುತ್ತದೆ' ಎಂದು ಬರೆದಿದ್ದೀರಿ. ಇಲ್ಲ. ಈ ವಿಷಯದ ಸೊಗಸೇ ಅವೆರಡರ ವ್ಯತ್ಯಾಸದಲ್ಲಿದೆ.

ಸಡಿಲವಾಗಿರುವ ಹೃದಯದ ಜೀವಕೋಶದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಜಾಸ್ತಿ. ವಿದ್ಯುತ್ ಅಲೆ ಬಂದಾಗ ಕೋಶದ ಪೊರೆಯಲ್ಲಿರುವ ಚಾನಲ್ ಎಂಬ ಬಾಗಿಲು ತೆರೆದು ಸ್ವಲ್ಪವೇ ಒಳಗೆ ಬರುತ್ತದೆ. ಆ ಸ್ವಲ್ಪವೇ ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದ ಬಾಗಿಲುಗಳಾದ ರಯನೊಡಿನ್ ಗ್ರಾಹಕಗಳನ್ನು ತೆರೆಸಿ ಇನ್ನಷ್ಟನ್ನು ಉಗ್ರಾಣದಿಂದ ಹೊರಗೆ ಎಳೆಯುತ್ತದೆ. ನೀವು ಇಲ್ಲಿ ಕೀಲಿ, ಸೇನಾಪತಿ, ಪೋಸ್ಟ್‌ಮ್ಯಾನ್ ಮೂರನ್ನೂ ತಂದಿದ್ದೀರಿ. ಒಂದು ಸಾಕು. ಹೊಲದಲ್ಲಿ ಪಂಪ್‌ಸೆಟ್ ಶುರು ಮಾಡುವ ಮುಂಚೆ ಒಂದು ಕೊಡ ನೀರು ಹೊಯ್ಯುತ್ತಾರಲ್ಲ, ಅದು ಇಲ್ಲಿಗೆ ಹೊಂದುತ್ತದೆ. ಹಾಗೆ ಬಂದ ಕ್ಯಾಲ್ಸಿಯಂ ಟ್ರೋಪೋನಿನ್ ಎಂಬ ಸ್ನಾಯುವಿನ ಪ್ರೋಟೀನಿಗೆ ಅಂಟಿಕೊಂಡಾಗ ಸ್ನಾಯು ಬಿಗಿಯುತ್ತದೆ. ಮರುಕ್ಷಣವೇ ಪಂಪುಗಳು ಅದನ್ನು ಉಗ್ರಾಣಕ್ಕೆ ತುಂಬುತ್ತವೆ, ಇನ್ನು ಸ್ವಲ್ಪ ಕೋಶದ ಹೊರಗೆ ಹೋಗುತ್ತದೆ. ಉಗ್ರಾಣಕ್ಕೆ ತುಂಬಲು ಶಕ್ತಿ ಖರ್ಚಾಗುತ್ತದೆ. ಅಂದರೆ ಹೃದಯಕ್ಕೆ ಸಡಿಲವಾಗುವುದೂ ದುಡಿಮೆಯೇ. ಈ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ನಡೆಯುವ ಕೆಲಸದ ಅರ್ಧ ಭಾಗವನ್ನೇ ಬಿಟ್ಟ ಹಾಗಾಯಿತು.

ರಕ್ತನಾಳದ ಗೋಡೆಯಲ್ಲಿರುವ ನಯಸ್ನಾಯುವಿನಲ್ಲಿ ಟ್ರೋಪೋನಿನ್ ಇಲ್ಲ. ಅಲ್ಲಿ ಕ್ಯಾಲ್ಸಿಯಂ ಕಾಲ್‌ಮಾಡ್ಯುಲಿನ್ ಎಂಬ ಬೇರೆ ಪ್ರೋಟೀನಿನ ಜೊತೆ ಕೂಡಿ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಎಳೆಯುವ ಪ್ರೋಟೀನಾದ ಮಯೋಸಿನ್‌ಗೆ ಫಾಸ್ಫೇಟ್ ಅಂಟಿಸಿದ ಮೇಲೆಯೇ ಎಳೆತ ಶುರು. ನಿಧಾನ, ಆದರೆ ಕಡಿಮೆ ಶಕ್ತಿಯಲ್ಲಿ ಗಂಟೆಗಟ್ಟಲೆ ಬಿಗಿ ಹಿಡಿದಿರಬಲ್ಲದು. ಇನ್ನೂ ಒಂದು ಅಚ್ಚರಿ ಇದೆ. ಇದೇ ನಾಳದಲ್ಲಿ ಪೊರೆಯ ಪಕ್ಕ ಕ್ಯಾಲ್ಸಿಯಂ ಕಿಡಿಯಂತೆ ಚಿಮ್ಮಿದರೆ ಪೊಟ್ಯಾಸಿಯಂ ಚಾನಲ್‌ಗಳು ತೆರೆದು ನಾಳ ಸಡಿಲವಾಗುತ್ತದೆ! ಬಿಗಿಯಿಸುವ ಕ್ಯಾಲ್ಸಿಯಮ್ಮೇ ಜಾಗ ಬದಲಾದರೆ ಸಡಿಲಿಸುತ್ತದೆ. ಇದನ್ನು 1995ರಲ್ಲಿ ತೋರಿಸಿದಾಗ ವಿಜ್ಞಾನಿಗಳಿಗೂ ಹೊಸದು.

ಕೊನೆಯ ಪುಟದಲ್ಲಿ 'ಕ್ಯಾಲ್ಸಿಯಂ ಚಾನಲ್ ಬ್ಲಾಕರ್ ಮಾತ್ರೆ ದೇಹದ ಕ್ಯಾಲ್ಸಿಯಂ ಕಡಿಮೆ ಮಾಡುತ್ತದೆ' ಎಂಬ ಸಾಲಿದೆ. ಅದನ್ನು ಇವತ್ತೇ ಹೊಡೆದುಹಾಕಿ. ಬಿಪಿಗೆ ಆಮ್ಲೊಡಿಪಿನ್ ತೆಗೆದುಕೊಳ್ಳುವ ಅಜ್ಜಿಯೊಬ್ಬರು ಇದನ್ನು ಓದಿ, ಮೂಳೆ ಸವೆದೀತು ಎಂದು ಮಾತ್ರೆ ಬಿಟ್ಟರೆ ಏನು ಗತಿ? ನನ್ನ ತಾಯಿಯೇ ಒಮ್ಮೆ ಹೀಗೆ ಹೆದರಿದ್ದರು. ಆ ಮಾತ್ರೆ ಮೂಳೆಯ ಕ್ಯಾಲ್ಸಿಯಂ ತೆಗೆಯುವುದಿಲ್ಲ, ಕೋಶದ ಬಾಗಿಲನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ. ಆಮ್ಲೊಡಿಪಿನ್ ಹೆಚ್ಚಾಗಿ ರಕ್ತನಾಳದ ಮೇಲೆ ಕೆಲಸ ಮಾಡುತ್ತದೆ, ಇದೇ ಗುಂಪಿನ ಇನ್ನೊಂದು ಮಾತ್ರೆ ವೆರಪಮಿಲ್ ಹೃದಯದ ಮೇಲೂ. ಆಮ್ಲೊಡಿಪಿನ್‌ನಿಂದ ಕೆಲವರಿಗೆ ಪಾದ ಊದುವುದು ಸಣ್ಣ ನಾಳಗಳು ಹಿಗ್ಗಿ ನೀರು ಹೊರಗೆ ಜಿನುಗುವುದರಿಂದ. ಇದನ್ನು ಬರೆಯಿರಿ, ಜನರಿಗೆ ಬೇಕಾದದ್ದು ಇದು.

ನಿಮ್ಮ ವಾಕ್ಯಗಳು ಚಿಕ್ಕವು, ತಿಳಿಯಾಗಿವೆ. ಅದನ್ನು ಬದಲಿಸಬೇಡಿ. ಶೀರ್ಷಿಕೆಯ 'ಗೆಳೆಯ' ಬೇಡ. ಒಂಬೈನೂರು ಪದಕ್ಕೆ ಇಳಿಸಿ, ಹೃದಯದ ಕೋಶ ಮತ್ತು ನಾಳದ ಕೋಶದ ಎರಡು ಚಿತ್ರ ಕೈಯಲ್ಲೇ ಬರೆದು ಜೊತೆಗೆ ಕಳಿಸಿ. ಜಾಗ ಸಾಲದಿದ್ದರೆ ಬೇರೆ ಏನಾದರೂ ಕಡಿಯಿರಿ, ಕಿಡಿಯ ಭಾಗವನ್ನು ಮಾತ್ರ ಮುಟ್ಟಬೇಡಿ.

ನಿಮ್ಮ,
ಸಂಪಾದಕ