ಮಾಡ್ಯೂಲ್ ಬದಲಿಸುವ ಮೊದಲು ಕನೆಕ್ಟರ್ ನೋಡಿ

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಮೊಬೈಲಿನಿಂದ ಪಂಪ್ ಆನ್ ಮಾಡುವ ಬೋರ್ಡನ್ನು ನಾನೇ ಮಾಡಿ, ನೆರೆಕರೆಯ ನಾಲ್ಕು ಮನೆಗೂ ಕೊಟ್ಟಿದ್ದೇನೆ. ಸಿಮ್ ಹಾಕುವ ಜಿಎಸ್‌ಎಂ ಮಾಡ್ಯೂಲ್ ಪಿನ್ ಹೆಡರ್ (ಸಾಲಾಗಿ ಪಿನ್ ಇರುವ ಕನೆಕ್ಟರ್) ಮೇಲೆ ಕೂತಿದೆ. ಆರೇಳು ತಿಂಗಳಾದರೆ ಅದು ತಾನಾಗಿ ರೀಸೆಟ್ ಆಗಲು ಶುರು. ಕಿತ್ತು ಮತ್ತೆ ಒತ್ತಿ ಕೂರಿಸಿದರೆ ಸರಿಹೋಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಹೊಸ ಬೋರ್ಡಿಗೆ ಯಾವ ಕನೆಕ್ಟರ್ ಹಾಕಲಿ?

ಉತ್ತರ: ಕಿತ್ತು ಕೂರಿಸಿದರೆ ಸರಿಹೋಗುತ್ತದೆ ಅಂದಿರಲ್ಲ, ರೋಗದ ಗುರುತು ಅದೇ. ನಿಮ್ಮ ಹೆಡರ್‌ಗೆ ಬಹುಶಃ ತವರದ ಲೇಪ ಇದೆ, ಪಾತ್ರೆಗೆ ಕಲಾಯಿ ಹಾಕುವ ಅದೇ ತವರ. ಪಂಪ್ ಸ್ಟಾರ್ಟರ್‌ನ ಕಾಂಟ್ಯಾಕ್ಟರ್, ಅಂದರೆ ಒಳಗಿನ ದೊಡ್ಡ ಸ್ವಿಚ್, ಟಪ್ ಅಂತ ಕೂತಾಗೆಲ್ಲ ಬೋರ್ಡ್ ಅದುರುತ್ತದೆ. ಪಿನ್ ಸಾಕೆಟ್‌ನೊಳಗೆ ಕಣ್ಣಿಗೆ ಕಾಣದಷ್ಟು ಜರುಗುತ್ತದೆ. ಪ್ರತಿಸಲ ಸ್ವಲ್ಪ ತವರ ಉಜ್ಜಿಹೋಗಿ, ಹೊಸದಾಗಿ ತೆರೆದ ಜಾಗಕ್ಕೆ ಗಾಳಿ ತಾಗಿ ಕರೆಂಟಿಗೆ ಅಡ್ಡಿಯಾಗುವ ಆಕ್ಸೈಡ್ ಪುಡಿ ಆಗುತ್ತದೆ. ಭೂತಗನ್ನಡಿಯಲ್ಲಿ ನೋಡಿ, ಪಿನ್ ಮೇಲೆ ಕಪ್ಪು ಚುಕ್ಕೆ ಕಂಡರೆ ಅದೇ ಇದು. ಕಿತ್ತು ಹಾಕುವಾಗ ಆ ಪುಡಿ ಒರೆಸಿಹೋಗುತ್ತದೆ, ಅಷ್ಟೇ.

ಇದರಿಂದ ರೀಸೆಟ್ ಯಾಕೆ ಅಂದರೆ, ಜಿಎಸ್‌ಎಂ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಕ್ಷಣಮಾತ್ರ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಒಳ್ಳೆಯ ಸಂಪರ್ಕದಲ್ಲಿ ಕರೆಂಟಿಗೆ ತಡೆ 20 ಮಿಲಿಓಮ್ ಇದ್ದರೆ ನಷ್ಟ 0.04 ವೋಲ್ಟ್. ಅದೇ 200 ಮಿಲಿಓಮ್ ಆಯಿತು ಅಂದುಕೊಳ್ಳಿ, 0.4 ವೋಲ್ಟ್ ಹೋಯಿತು, ಗ್ರೌಂಡ್ ಪಿನ್ನಿನಲ್ಲೂ ಅಷ್ಟೇ ಹೋದರೆ 4 ವೋಲ್ಟ್ ಇದ್ದದ್ದು 3.2ಕ್ಕೆ ಇಳಿಯಿತು. ಇಂಥ ಮಾಡ್ಯೂಲ್‌ಗಳಿಗೆ ಸಾಮಾನ್ಯವಾಗಿ 3.4 ಆದರೂ ಬೇಕು, ಅಲ್ವಾ?

ಹಾಗಾಗಿ ಹೊಸ ಬೋರ್ಡಿನಲ್ಲಿ ಪವರ್‌ಗೆ ಎರಡು ಮೂರು ಪಿನ್, ಗ್ರೌಂಡ್‌ಗೂ ಅಷ್ಟೇ ಕೊಡಿ. ಆ ಕ್ಷಣದ ಕರೆಂಟನ್ನು ಕೂಡಿಟ್ಟು ಕೊಡುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕನೆಕ್ಟರ್‌ನ ಆಚೆಗೆ, ಮಾಡ್ಯೂಲ್ ಕಡೆಗೇ ಇರಲಿ. ಈಚೆಗೆ ಇಟ್ಟರೆ ಅದರ ಕರೆಂಟೂ ಅದೇ ಕೆಟ್ಟ ಪಿನ್ ದಾಟಿಯೇ ಹೋಗಬೇಕು. ಪಿನ್, ಸಾಕೆಟ್ ಎರಡಕ್ಕೂ ಚಿನ್ನದ ಲೇಪ ಇರುವುದನ್ನೇ ತೆಗೆದುಕೊಳ್ಳಿ. ಒಂದು ಕಡೆ ಚಿನ್ನ, ಇನ್ನೊಂದು ಕಡೆ ತವರ ಮಾತ್ರ ಬೇಡವೇ ಬೇಡ, ತವರ ಚಿನ್ನಕ್ಕೆ ಅಂಟಿ ಅಲ್ಲೇ ಆಕ್ಸೈಡ್ ಆಗುತ್ತದೆ. ಗೋಲ್ಡ್ ಫ್ಲ್ಯಾಶ್ ಅಂತ ಅಗ್ಗಕ್ಕೆ ಸಿಗುವ ತೀರಾ ತೆಳು ಲೇಪ ನಾಲ್ಕು ಸಲ ಕಿತ್ತು ಹಾಕುವಷ್ಟರಲ್ಲಿ ಸವೆಯಬಹುದು. ನಿಕ್ಕಲ್ ಮೇಲೆ 0.76 ಮೈಕ್ರಾನ್ ಚಿನ್ನ ಇರುವುದು ನಂಬಿಕೆಯದು.

ಇಷ್ಟಾದರೂ ಮಾಡ್ಯೂಲ್‌ನ ಭಾರ ಪಿನ್ ಮೇಲೆ ಬಿಡಬೇಡಿ. ಪಿನ್ನಿಂದ ಪಿನ್ನಿಗೆ 2.54 ಮಿ.ಮೀ. ಇರುವ ಮಾಮೂಲಿ ಹೆಡರ್‌ನಲ್ಲಿ ಸಾಕೆಟ್ ಎತ್ತರ 8.5, ಪಿನ್ನಿನ ಪ್ಲಾಸ್ಟಿಕ್ 2.5, ಒಟ್ಟು 11 ಮಿ.ಮೀ. ಅಷ್ಟೇ ಎತ್ತರದ ಸ್ಪೇಸರ್ (ಎರಡು ಬೋರ್ಡ್ ನಡುವೆ ನಿಲ್ಲುವ ಪುಟ್ಟ ಕಂಬ) ಹಾಕಿ ಸ್ಕ್ರೂ ಬಿಗಿಯಿರಿ. ಸಾಧ್ಯವಾದರೆ ನಾಲ್ಕು ಮೂಲೆಗೂ ಹಾಕಿ, ಅದುರುವುದು ಕಡಿಮೆಯಾಗುತ್ತದೆ. ಮಾಡ್ಯೂಲ್ ತಿರುಗಿಸಿ ಹಾಕಿಬಿಟ್ಟರೆ ಸುಟ್ಟೇ ಹೋಗಬಹುದು. ಅದಕ್ಕೆ ಉಪಯೋಗವಿಲ್ಲದ ಒಂದು ಪಿನ್ ಕತ್ತರಿಸಿ, ಅದರ ಎದುರಿನ ಸಾಕೆಟ್ ತೂತನ್ನು ಮುಚ್ಚಿಬಿಡಿ. ನಮ್ಮ ಕಡೆಯ ಮಳೆಗಾಲಕ್ಕೆ ಬೋರ್ಡಿಗೆ ವಾರ್ನಿಶ್ ಹೊಡೆಯುವುದು ಒಳ್ಳೆಯದೇ, ಆದರೆ ಮೊದಲು ಸಾಕೆಟ್‌ಗೆ ಟೇಪ್ ಹಚ್ಚಿ. ಒಳಗೆ ಇಳಿದರೆ ಸಂಪರ್ಕವೇ ಸಿಗುವುದಿಲ್ಲ.

ಈಗಾಗಲೇ ನೆರೆಕರೆಗೆ ಕೊಟ್ಟ ನಾಲ್ಕನ್ನು ಹಾಗೇ ಬಿಡಬೇಡಿ. ಪಿನ್ನುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಕಾಂಟ್ಯಾಕ್ಟ್ ಗ್ರೀಸ್ ತೆಳ್ಳಗೆ ಸವರಿ, ಸ್ಪೇಸರ್ ಹಾಕಿ ಕೂರಿಸಿ. ಸ್ಯಾಂಡ್‌ಪೇಪರ್ ಉಜ್ಜಬೇಡಿ, ಇದ್ದ ಲೇಪವೂ ಹೋಗುತ್ತದೆ. ತೋಟಕ್ಕೆ ನೀರು ಬಿಡುವ ಕೆಲಸ ಶುರುವಾಗುವ ಮೊದಲೇ ಇದೊಂದು ಮಾಡಿ ಮುಗಿಸಿ.